ಮಂಗಳವಾರ ಮಾತ್ರ ಇರುವ ಊರು

ಕೌಂಟಿಯ ಸಾರಿಗೆ ಅಧಿಕಾರಿಗಳಾದ ಮಾನ್ಯರೇ,

ನಮ್ಮ ನೆದರ್ ಆಶ್‌ಮಿಯರ್‌ಗೆ ವಾರಕ್ಕೊಮ್ಮೆ ಬರುತ್ತಿದ್ದ ಬಸ್ಸನ್ನು ತಾವು ನಿಲ್ಲಿಸಿದ್ದೀರಿ. 'ಊರಿನಲ್ಲಿ ಸಕಲ ಸೌಲಭ್ಯಗಳೂ ಇರುವುದರಿಂದ ನಿವಾಸಿಗಳು ಪಟ್ಟಣಕ್ಕೆ ಹೋಗುವ ಅಗತ್ಯವಿಲ್ಲ' ಎಂಬ ತಮ್ಮ ವರದಿ ಓದಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ಸೊಗಸಾದ ಊರು ಎಲ್ಲಿದೆ, ನಾವೂ ಅಲ್ಲಿಗೇ ಹೋಗಿ ನೆಲಸಬಹುದಲ್ಲ ಎನ್ನಿಸಿತು.

ತಾವು ಊರನ್ನು ಪರಿಶೀಲಿಸಲು ಬಂದದ್ದು ಮಂಗಳವಾರ. ಅಂಚೆಯ ವ್ಯಾನು, ಪುಸ್ತಕದ ವ್ಯಾನು, ಕರಿದ ಮೀನಿನ ವ್ಯಾನು ಎಲ್ಲವೂ ಬರುವುದು ಮಂಗಳವಾರವೇ. ಪಬ್ಬು ಬಾಗಿಲು ತೆರೆಯುವುದೂ ಅಂದೇ. ಹಾಗಾಗಿ ತಮ್ಮ ಪಟ್ಟಿಯಲ್ಲಿ ಅಂಚೆ ಕಚೇರಿ, ಗ್ರಂಥಾಲಯ, ಭೋಜನಶಾಲೆ, ಪಾನಗೃಹಗಳು ರಾರಾಜಿಸುತ್ತಿವೆ. ಬುಧವಾರ ಬಂದಿದ್ದರೆ ಚರ್ಚಿನ ಗೋಡೆಯ ಮೇಲೆ ಮಲಗಿದ ಬೆಕ್ಕನ್ನು ಬಿಟ್ಟು ಇನ್ನೇನನ್ನು ಬರೆದುಕೊಳ್ಳುತ್ತಿದ್ದಿರಿ? ಒಂಬೈನೂರು ವರ್ಷಗಳ ಹಿಂದೆ ದೊರೆಯ ಗುಮಾಸ್ತನೊಬ್ಬ ಬಂದು, ಇಲ್ಲಿ ನಲವತ್ತು ಹಂದಿ, ಒಂದು ನೀರಿನ ಗಿರಣಿ ಎಂದು ಬರೆದುಕೊಂಡು ಹೋದನಂತೆ. ಅವನು ಎಣಿಸಿದ ಹಂದಿಗಳಾದರೂ ವಾರದ ಏಳೂ ದಿನ ಊರಲ್ಲೇ ಇರುತ್ತಿದ್ದವು.

ತಪ್ಪು ನಮ್ಮದೂ ಇದೆ. ತಾವು 'ಅತಿ ಚೊಕ್ಕ ಊರು' ಸ್ಪರ್ಧೆಯ ತೀರ್ಪುಗಾರರೆಂದು ತಿಳಿದು ಬಸ್ ನಿಲ್ದಾಣಕ್ಕೆ ಬಣ್ಣ ಬಳಿದೆವು, ಹೂಕುಂಡ ತೂಗುಹಾಕಿದೆವು. 'ಏನಾದರೂ ಕೊರತೆ?' ಎಂದು ತಾವು ಕೇಳಿದಾಗ 'ನಮಗೇನು ಕಮ್ಮಿ ಸಾರ್, ಎಲ್ಲಾ ಇದೆ' ಎಂದವಳು ನಾನೇ. ಎಲುಬಿಲ್ಲದ ನಾಲಿಗೆ ನೋಡಿ.

ಪಕ್ಕದ ಮನೆಯ ಮೇವಿಸ್ ಹಾಬ್‌ಡೇಯ ಗಂಡ ರೆಗ್ ಪಟ್ಟಣದ ಆರೈಕೆ ಕೇಂದ್ರದಲ್ಲಿದ್ದಾನೆ. ಅವನ ನೆನಪು ದಿನೇ ದಿನೇ ಅಳಿಸುತ್ತಿದೆ. ಮೇವಿಸ್ ಪ್ರತಿ ಮಂಗಳವಾರ ಬಸ್ಸಿನಲ್ಲಿ ಹೋಗಿ ಅವನ ಗಡ್ಡ ಹೆರೆದು ಬರುತ್ತಿದ್ದಳು. ನಾನೇ ಕರೆದೊಯ್ಯೋಣವೆಂದರೆ ಕಣ್ಣು ಮಂಜಾಗಿ ನನ್ನ ಲೈಸೆನ್ಸ್ ಹೋಗಿದೆ. 'ಬೇರೆ ಯಾರನ್ನಾದ್ರೂ ಕೇಳೇ' ಎಂದೆ.

'ಒಂದ್ಸಲ ಕೇಳಬಹುದು ಕಣೆ, ವಾರ ವಾರ ಕೇಳೋಕಾಗುತ್ತಾ? ಬಸ್ಸಾದ್ರೆ ಯಾರ ಹಂಗೂ ಇರಲಿಲ್ಲ.'

ಐದು ವಾರ ಹಾಗೇ ಕಳೆದವು. ಕಳೆದ ಮಂಗಳವಾರ ನಮ್ಮ ಪಾದ್ರಿಗಳು ತಾವಾಗಿಯೇ ಅವಳನ್ನು ಕಾರಿನಲ್ಲಿ ಕರೆದೊಯ್ದರು. ಅವಳನ್ನು ಕಂಡ ರೆಗ್ ಎದ್ದು ನಿಂತು, ಬಹಳ ಮರ್ಯಾದೆಯಿಂದ, 'ಕೂತ್ಕೊಳ್ಳಿ ಮೇಡಂ. ನನ್ನ ಹೆಂಡ್ತಿ ಬರೋ ಹೊತ್ತಾಯ್ತು. ಅವಳು ಮಂಗಳವಾರ ತಪ್ಪಿಸೋದಿಲ್ಲ' ಎಂದನಂತೆ.

ಮಾನ್ಯರೇ, ಮುಂದಿನ ವಾರದಿಂದಲೇ ಬಸ್ಸು ಬರಬೇಕು. ಆಗದಿದ್ದರೆ ಹೆಂಡತಿ ಏಕೆ ಬರಲಿಲ್ಲವೆಂಬುದನ್ನು ರೆಗ್‌ಗೆ ತಾವೇ ಹೋಗಿ ತಿಳಿಸಿ. ಒಮ್ಮೆ ಹೇಳಿದರೆ ಸಾಲದು. ಅವನಿಗೆ ನೆನಪು ನಿಲ್ಲುವುದಿಲ್ಲ, ವಾರ ವಾರವೂ ಹೋಗಿ ಹೇಳಬೇಕಾಗುತ್ತದೆ.

ಇಂತಿ,
ತಮ್ಮ ವರದಿಯ ಪ್ರಕಾರ ಸುಖವಾಗಿರುವ,
ಡೊರೀನ್ ಪಿಕ್‌ಥಾರ್ನ್