ಅಧ್ಯಕ್ಷರನ್ನು ಆರಿಸುವ ರಗಳೆ

ಮಾರ್ಚ್ ೧೪, ಭಾನುವಾರ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಚುಕ್ಕೀ,

ಹೇಗಿದ್ದೀಯ? ಬಂದರಿನ ಗಾಳಿಗೆ ಶುರುವಾದ ಕೆಮ್ಮು ಕಡಿಮೆಯಾಯಿತೇ? ಕ್ರೇನು ಹತ್ತುವ ದಿನ ಹೊಟ್ಟೆ ತುಂಬ ತಿಂದು ಹತ್ತು, ಬರೀ ಚಹಾ ಕುಡಿದು ಓಡಬೇಡ. ಪತ್ರ ತಡವಾಯಿತು. ಬೇಕಾದರೆ ಬೈದುಬಿಡು, ಆದರೆ ಮುನಿಸಿಕೊಂಡು ಕೂರಬೇಡ. ಈ ಮನೆಯಲ್ಲಿ ಸದ್ಯಕ್ಕೆ ಮುನಿಸಿಕೊಂಡವರ ಸಂಖ್ಯೆ ಸಾಕಷ್ಟಿದೆ. "ಪತ್ರ ಯಾಕಮ್ಮ, ಫೋನಿಲ್ವಾ?" ಅನ್ನುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡಿದರೆ ನಿಮ್ಮಪ್ಪ ಪೇಪರಿನ ಹಿಂದಿನಿಂದ "ಹಾಗಲ್ಲ, ಅದು ಹೀಗೆ" ಅಂತ ಅದನ್ನು ಮುಗಿಸಿಬಿಡುತ್ತಾರೆ. ಕಾಗದದಲ್ಲಾದರೆ ನಾನೇ ಶುರು ಮಾಡಿ ನಾನೇ ಮುಗಿಸಬಹುದು.

ಇಲ್ಲಿ ಎಲ್ಲರ ಆರೋಗ್ಯ ಚೆನ್ನಾಗಿದೆ. ತಲೆ ಮಾತ್ರ ಯಾರದೂ ನೆಟ್ಟಗಿಲ್ಲ. ಕಾರಣ, ದೇಶದ ಅಧ್ಯಕ್ಷರನ್ನು ಹೇಗೆ ಆರಿಸಬೇಕು ಎಂಬ ರಗಳೆ.

ಹೋದ ಚುನಾವಣೆಯಲ್ಲಿ ಹೆಚ್ಚು ಜನ ಓಟು ಹಾಕಿದ್ದು ಒಬ್ಬರಿಗೆ, ಗೆದ್ದು ಕುರ್ಚಿ ಹತ್ತಿದ್ದು ಇನ್ನೊಬ್ಬರು. ನಾವು ಓಟು ಹಾಕುವುದು ನೇರವಾಗಿ ಅಧ್ಯಕ್ಷರಿಗಲ್ಲವಲ್ಲ. ನಮ್ಮ ಪ್ರಾಂತ್ಯದ ಪ್ರತಿನಿಧಿಗಳನ್ನು ಆರಿಸುತ್ತೇವೆ, ಆ ಪ್ರತಿನಿಧಿಗಳು ಕೂತು ಅಧ್ಯಕ್ಷರನ್ನು ಆರಿಸುತ್ತಾರೆ. ಸಣ್ಣ ಪ್ರಾಂತ್ಯಗಳಿಗೆ ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚು ಪ್ರತಿನಿಧಿಗಳು. ಇದು ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸಲು ಸಂಸತ್ತಿಗೆ ಧೈರ್ಯ ಸಾಲಲಿಲ್ಲ. ಊರೂರಿನಲ್ಲಿ ನಾಗರಿಕರ ಮಂಡಳಿ ಮಾಡಿ, ಅವರ ಸಲಹೆ ಕಳಿಸಿ ಅಂತ ಜವಾಬ್ದಾರಿಯನ್ನು ನಮ್ಮ ತಲೆಗೆ ಕಟ್ಟಿತು. ಮಂಡಳಿಗೆ ಚೀಟಿ ಎತ್ತಿದರು. ನಮ್ಮ ಬೀದಿಯಿಂದ ಬಂದದ್ದು ನನ್ನ ಹೆಸರು.

ನಿಮ್ಮಪ್ಪನ ಮುಖ ಆವತ್ತು ನೀನು ನೋಡಬೇಕಿತ್ತು. ವರ್ಷಾನುಗಟ್ಟಲೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ಊರಿಗೆಲ್ಲ 'ಮೈಕು ಮೇಷ್ಟ್ರು' ಅನ್ನಿಸಿಕೊಂಡವರು ಅವರು. ಚೀಟಿ ಬಂದದ್ದು ಬಸ್ ಡಿಪೋದಲ್ಲಿ ಡ್ರೈವರು ಕಂಡಕ್ಟರುಗಳಿಗೆ ಡ್ಯೂಟಿ ಹಾಕುವ ಹೆಂಡತಿಗೆ! ಒಂದು ಗಳಿಗೆ ಪೆಚ್ಚಾದರು. ಆಮೇಲೆ ಸುಧಾರಿಸಿಕೊಂಡು, "ಪರವಾಗಿಲ್ಲ ಬಿಡು, ಅಂತೂ ನಮ್ಮ ಮನೆಗೇ ಬಂತಲ್ಲ" ಅಂದರು. ನನ್ನ ಗ್ರಹಚಾರ ಶುರುವಾದದ್ದು ಆ 'ನಮ್ಮ ಮನೆಗೇ' ಎಂಬ ಮಾತಿನಿಂದ.

ಬೆಳಿಗ್ಗೆ ಹಲ್ಲುಜ್ಜುವಾಗಲೇ ಪಾಠ. ನಾನು ಬಾಯಲ್ಲಿ ನೊರೆ ತುಂಬಿಕೊಂಡು ಕೇಳಬೇಕು, ಮಧ್ಯೆ ಪ್ರಶ್ನೆ ಹಾಕುವಂತಿಲ್ಲ. ಸಂಜೆ ಮೆಡಿಕಲ್ ಶಾಪಿನ ಬಾಗಿಲು ಎಳೆದು ನಿಮ್ಮ ಚಿಕ್ಕಪ್ಪ ಹಾಜರು. ಅಣ್ಣತಮ್ಮಂದಿರ ಮಾತು ದಿನವೂ ಇದೇ:

"ಒಬ್ಬ ಮನುಷ್ಯ, ಒಂದು ಓಟು. ಜಾಸ್ತಿ ಓಟು ಬಿದ್ದೋನು ಗೆದ್ದ. ಇದ್ರಲ್ಲಿ ಅರ್ಥ ಆಗದೇ ಇರೋದು ಏನಿದೆಯೋ?"

"ಅಣ್ಣಾ, ಹಾಗೆ ಮಾಡಿದ್ರೆ ನಾಲ್ಕು ದೊಡ್ಡ ಊರು ಗೆದ್ದೋನು ದೇಶಾನೇ ಗೆದ್ದ. ಬೆಟ್ಟದ ಕಡೆಯೋರನ್ನ ಯಾರು ಮೂಸಿ ನೋಡ್ತಾರೆ? ಅಲ್ಲಿಗೆ ಔಷಧಿ ಕಳಿಸೋನು ನಾನು, ಅವರ ಪಾಡು ನಂಗೆ ಗೊತ್ತು."

"ಅದಕ್ಕೆ ನನ್ನ ಓಟಿನ ತೂಕ ಕಮ್ಮಿ ಆಗ್ಬೇಕಾ? ನಾನೇನು ಅರ್ಧ ಮನುಷ್ಯನಾ?"

"ಇಷ್ಟು ಕೂಗಾಡೋನು ಅರ್ಧ ಹೆಂಗಾಗ್ತೀಯ, ಒಂದೂವರೆ!"

ಆಮೇಲೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. "ನೀನೇ ಹೇಳೇ" ಅಂತ ಇವರು, "ಅತ್ತಿಗೆ, ನೀವೇ ಹೇಳಿ" ಅಂತ ಅವರು. ನಾನು ಸೌಟು ಕೆಳಗಿಟ್ಟು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಸುತ್ತು ಶುರುವಾಗಿರುತ್ತದೆ. ದೇಶದ ಪ್ರತಿಯೊಬ್ಬರ ದನಿ ಕೇಳಬೇಕು ಅಂತ ಒಬ್ಬರು, ದನಿಯಿಲ್ಲದವರ ದನಿ ಕೇಳಬೇಕು ಅಂತ ಇನ್ನೊಬ್ಬರು. ಇಬ್ಬರಿಗೂ ಅನ್ನ ಬಡಿಸುತ್ತಾ ನಿಂತವಳಿಗೆ ಬಾಯಿದೆ ಎನ್ನುವುದು ಮಾತ್ರ ಇಬ್ಬರಿಗೂ ಮರೆತುಹೋಗುತ್ತದೆ.

ಡಿಪೋದಲ್ಲಾದರೂ ನೆಮ್ಮದಿ ಉಂಟೇ? ನನ್ನ ಕಿಟಕಿಯ ಮುಂದೆ ಸಾಲು ನಿಂತು ಒಬ್ಬೊಬ್ಬರೂ ಸಂವಿಧಾನ ತಿದ್ದುತ್ತಾರೆ. 'ಹಾರ್ನ್' ಅಂತ ಕರೆಯುತ್ತೇವಲ್ಲ, ಆ ಡ್ರೈವರು, ಅವನು ಕಂಬಿಗಳ ನಡುವೆ ಮುಖವಿಟ್ಟು ಕೇಳುತ್ತಾನೆ: "ಅಕ್ಕಾ, ನಂಗೆ ಬೆಳಗಿನ ಪಾಳಿ ಹಾಕ್ಕೊಡಿ, ನೀವು ಹೇಳಿದ ಪದ್ಧತಿಗೆ ನಮ್ಮ ಮನೆಯೋರದ್ದೆಲ್ಲ ಜೈ." ಸದ್ಯ, ಅವನೊಬ್ಬನಾದರೂ ನಾನು ಹೇಳಿದ್ದು ಅಂದ.

ಪುರಭವನದಲ್ಲಿ ಶನಿವಾರಗಳಂದು ಮಂಡಳಿ ಕೂರುತ್ತಿತ್ತು. ಅಲ್ಲಿನ ಕಬ್ಬಿಣದ ಕುರ್ಚಿಗಳು ನೆನಪಿವೆಯೇ? ಎದ್ದಾಗ ಅವುಗಳ ಪಟ್ಟಿಗಳೆಲ್ಲ ಬೆನ್ನ ಮೇಲೆ ಅಚ್ಚಾಗಿರುತ್ತವೆ. ಮಂಡಳಿಯನ್ನು ನಡೆಸುತ್ತಿದ್ದವರು ನಿವೃತ್ತ ಜಡ್ಜ್ ಸಾಹೇಬರು. ಅವರದೇ ಬೇರೆ ರಾಗ. "ಅಧ್ಯಕ್ಷ ಅಂದ್ರೆ ಆಟದ ಅಂಪೈರ್ ಇದ್ದ ಹಾಗೆ. ಅಂಪೈರ್ ಮನೆಮನೆಗೆ ಹೋಗಿ ಓಟು ಕೇಳ್ತಾನಾ? ಸಂಸತ್ತೇ ಆರಿಸಿದ್ರೆ ಗಲಾಟೆ ಇಲ್ಲ" ಅಂದರು. ನನಗೆ ನಗು ಬಂತು. ನಮ್ಮ ಸಂಸತ್ತು ಯಾವ ಪದ್ಧತಿ ಬೇಕು ಎನ್ನುವುದನ್ನೇ ತೀರ್ಮಾನಿಸಲಾರದೆ ನಮ್ಮನ್ನು ಇಲ್ಲಿ ಕೂರಿಸಿದೆ. ಅದು ಅಧ್ಯಕ್ಷರನ್ನು ಆರಿಸುವ ಹೊತ್ತಿಗೆ ಅವರಿಗೆ ನಿವೃತ್ತಿಯ ವಯಸ್ಸಾಗಿರುತ್ತದೆ.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ನರ್ಸ್ ಕೂರುತ್ತಿದ್ದಳು. ಬೆಟ್ಟದ ಪ್ರಾಂತ್ಯದಲ್ಲಿ ಹುಟ್ಟಿ ಬೆಳೆದು ಮದುವೆಯಾಗಿ ಇಲ್ಲಿಗೆ ಬಂದವಳು. ಮೊದಲ ದಿನಗಳಲ್ಲಿ ತುಟಿ ಬಿಚ್ಚಲಿಲ್ಲ. ಒಂದು ಶನಿವಾರ ಎದ್ದು ನಿಂತಳು. "ನಮ್ಮೂರಿಗೆ ಸೇತುವೆ ಇರ್ಲಿಲ್ಲ. ಹೆರಿಗೆ ನೋವು ಬಂದೋರನ್ನ ತೆಪ್ಪದಲ್ಲಿ ದಾಟಿಸ್ತಿದ್ವಿ. ನಮ್ಮ ಪ್ರತಿನಿಧಿಗಳ ಓಟಿಗೆ ಬೆಲೆ ಇದೆ ಅಂತಾನೇ ಅಧ್ಯಕ್ಷರ ಕುರ್ಚಿಗೆ ನಿಂತೋರು ಒಬ್ರು ನಮ್ಮೂರಿಗೆ ಬಂದ್ರು. ಆ ಹೊಳೆ ನೋಡಿದ್ರು. ಸೇತುವೆ ಆಯ್ತು. ಬರೀ ತಲೆ ಎಣಿಸೋದಾದ್ರೆ ನಾವು ಎಷ್ಟು ತಲೆ ಇದ್ದೀವಿ? ಯಾರು ಬರ್ತಾರೆ?" ಅಂದು ಕೂತುಬಿಟ್ಟಳು. ನಾನು ಅವಳ ಕೈ ಹಿಡಿದುಕೊಂಡೆ.

ಆವತ್ತಿನಿಂದ ನನ್ನ ತಲೆಯಲ್ಲಿ ಅದೇ. ನಿಮ್ಮಪ್ಪ ಹೇಳುವುದು ಸುಳ್ಳಲ್ಲ. ನಮ್ಮ ಡಿಪೋದ ಯೂನಿಯನ್ನಿನಲ್ಲೂ ಹಿಂದೊಮ್ಮೆ ಹೀಗೇ ಆಗಿತ್ತು. ಪಾಳಿಗೊಬ್ಬ ಪ್ರತಿನಿಧಿ, ಆ ಪ್ರತಿನಿಧಿಗಳು ಕೂತು ಕಾರ್ಯದರ್ಶಿಯನ್ನು ಆರಿಸುವುದು. ಅರ್ಧಕ್ಕೂ ಹೆಚ್ಚು ಜನಕ್ಕೆ ಬೇಡವಾದವನೇ ಬಂದು ಕೂತ. ಅವನು ಕೆಟ್ಟವನೇನಲ್ಲ, ಆದರೆ ಏನು ಮಾಡಿದರೂ ಯಾರೂ ಅವನನ್ನು ತಮ್ಮವನು ಅನ್ನಲಿಲ್ಲ. ಹಾಗಂತ ಬೆಟ್ಟದವಳು ಹೇಳಿದ್ದೂ ಸುಳ್ಳಲ್ಲ. ಊರೊಳಗಿನ ಬಸ್ಸುಗಳಲ್ಲಿ ಜನ ಹೆಚ್ಚು ಅಂತ ಎಲ್ಲ ಡ್ರೈವರುಗಳನ್ನೂ ಅಲ್ಲೇ ಹಾಕಿದರೆ ಕಾಡಂಚಿನ ಹಳ್ಳಿಗೆ ಹೋಗುವ ಒಂದೇ ಒಂದು ಬಸ್ಸು ನಿಲ್ಲುತ್ತದೆ. ಅದನ್ನು ನಂಬಿ ರಸ್ತೆಯಲ್ಲಿ ಕಾಯುವವರ ಮುಖ ನನಗೆ ಗೊತ್ತು. ಇಬ್ಬರೂ ಸರಿ. ತಲೆನೋವು ಇರುವುದೇ ಅಲ್ಲಿ. ಒಬ್ಬರದು ತಪ್ಪಾಗಿದ್ದರೆ ನಾನು ಎಂದೋ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಕೊನೆಗೆ ನನಗೆ ತೋಚಿದ್ದು ಇಷ್ಟು. ಓಟು ಜನರೇ ನೇರವಾಗಿ ಹಾಕಲಿ. ಆದರೆ ಒಟ್ಟು ಓಟು ಹೆಚ್ಚು ಬಿದ್ದರಷ್ಟೇ ಸಾಲದು. ಅರ್ಧಕ್ಕಿಂತ ಹೆಚ್ಚು ಪ್ರಾಂತ್ಯಗಳಲ್ಲಿ ಅಲ್ಲಿನ ಓಟಿನ ನಾಲ್ಕನೇ ಒಂದು ಪಾಲಾದರೂ ಬಿದ್ದಿರಬೇಕು. ಯಾರಿಗೂ ಅಷ್ಟು ಸಿಗದಿದ್ದರೆ ಮುಂದಿರುವ ಇಬ್ಬರನ್ನು ನಿಲ್ಲಿಸಿ ಇನ್ನೊಂದು ಸಲ ಓಟು. ಆಗ ದೊಡ್ಡ ಊರುಗಳನ್ನಷ್ಟೇ ಸುತ್ತಿ ಗೆಲ್ಲಲಾಗದು, ಯಾರ ಓಟೂ ಇನ್ನೊಬ್ಬರದಕ್ಕಿಂತ ಹಗುರವಾಗದು.

ಬಟ್ಟೆ ಒಣಹಾಕುವಾಗ ನಿಮ್ಮಪ್ಪನಿಗೆ ಹೇಳಿದೆ. ಅವರು ಬಕೆಟ್ಟು ಹಿಡಿದು ನಿಂತಿದ್ದರು. "ಅಯ್ಯೋ, ಇದೊಂದು ಕಲಸುಮೇಲೋಗರ! ಷರತ್ತು ಹಾಕಿದ ಮೇಲೆ ಅದು ನೇರ ಚುನಾವಣೆ ಹೇಗಾಗುತ್ತೆ? ನಿಂಗೆ ಇದೆಲ್ಲ ತಲೆಗೆ ಹಚ್ಕೋಬೇಡ ಅಂತ ಹೇಳಿದ್ನಲ್ಲ" ಅಂತ ನಕ್ಕು ಒಳಗೆ ಹೋದರು. ಬಕೆಟ್ಟನ್ನೂ ತೆಗೆದುಕೊಂಡು ಹೋದರು, ಒದ್ದೆ ಬಟ್ಟೆಯ ಸಮೇತ.

ಕೊನೆಯ ಶನಿವಾರ ಊರಿನವರೂ ಬಂದು ಮಾತಾಡಬಹುದಿತ್ತು. ನಿಮ್ಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದರು. ಎದ್ದು ಚೆನ್ನಾಗಿಯೇ ಮಾತಾಡಿದರು, ಅದನ್ನು ಇಲ್ಲ ಅನ್ನುವುದಿಲ್ಲ. ಕೊನೆಯಲ್ಲಿ ನನ್ನತ್ತ ಕೈ ತೋರಿಸಿ, "ನಮ್ಮನೆಯವರ ಓಟಂತೂ ನೇರ ಚುನಾವಣೆಗೇ. ಅದ್ರ ಬಗ್ಗೆ ಯಾರಿಗೂ ಅನುಮಾನ ಬೇಡ. ಅದಕ್ಕೆ ನಾನು ಜವಾಬ್ದಾರಿ!" ಅಂದರು. ಸಭೆ ಗೊಳ್ಳೆಂದು ನಕ್ಕಿತು. ನನ್ನ ಕಿವಿ ಕೆಂಡವಾಯಿತು. ಈಗ ಏನು ಮಾಡಲಿ, ಹೇಳು? ನೇರ ಚುನಾವಣೆ ನನಗೂ ಬೇಕು. ಹೌದು ಅಂದರೆ ಗಂಡ ಹೇಳಿದ್ದಕ್ಕೆ ಕೈ ಎತ್ತಿದಳು ಅನ್ನುತ್ತಾರೆ. ಬೇಡ ಅಂದರೆ ಗಂಡನ ಮೇಲಿನ ಸಿಟ್ಟಿಗೆ ಅನ್ನುತ್ತಾರೆ. ನನ್ನ ತಲೆಯಿಂದಲೇ ಬಂದದ್ದು ಅಂತ ತೋರಿಸಲು ಒಂದು ದಾರಿಯೂ ಉಳಿದಿರಲಿಲ್ಲ.

ಆದರೂ ಎದ್ದೆ. ನನ್ನ ಸಲಹೆ ಹೇಳಿದೆ, ತಡವರಿಸದೆ. ಜಡ್ಜ್ ಸಾಹೇಬರು ಕನ್ನಡಕ ಏರಿಸಿಕೊಂಡು, "ಒಳ್ಳೇ ಸಲಹೆ ಮೇಡಂ. ಮೇಷ್ಟ್ರು ಬರೆದುಕೊಟ್ರಾ?" ಅಂದರು.

"ಇಲ್ಲ ಸಾರ್. ಮೇಷ್ಟ್ರಿಗೆ ಇದು ಸುತರಾಂ ಇಷ್ಟ ಇಲ್ಲ."

ಅದಕ್ಕೂ ನಕ್ಕರು. ನಿಜ ಹೇಳಿದರೆ ತಮಾಷೆ ಅಂದುಕೊಳ್ಳುವ ಜನಕ್ಕೆ ಇನ್ನೇನು ಹೇಳುವುದು! ನಗದೆ ಉಳಿದವಳು ಬೆಟ್ಟದ ನರ್ಸ್ ಒಬ್ಬಳೇ. "ನಾಲ್ಕನೇ ಒಂದು ಪಾಲು ಯಾಕೆ ಅಕ್ಕಾ? ಮೂರನೇ ಒಂದು ಯಾಕಾಗಬಾರದು?" ಅಂತ ಕೇಳಿದಳು. ನನ್ನನ್ನು ಕೇಳಿದಳು, ಚುಕ್ಕಿ. ನಾನು ವಿವರಿಸಿದೆ. ಅವಳು ಒಪ್ಪಲಿಲ್ಲ, ಇನ್ನೊಂದು ಪ್ರಶ್ನೆ ಹಾಕಿದಳು. ಅಷ್ಟು ಹೊತ್ತು ನನಗೆ ಎಂಥ ಖುಷಿಯಾಯಿತು ಅಂದರೆ, ಆ ಕುರ್ಚಿಯ ಪಟ್ಟಿಗಳು ಚುಚ್ಚುವುದೂ ಗೊತ್ತಾಗಲಿಲ್ಲ. ಕೈ ಎತ್ತಿಸಿದಾಗ ಸಲಹೆ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಅವಳ ಕೈಯೂ ಮೇಲಿತ್ತು.

ಮರುದಿನ ಪೇಪರಿನಲ್ಲಿ ದೊಡ್ಡಕ್ಷರದಲ್ಲಿ: 'ನಿವೃತ್ತ ಮೇಷ್ಟ್ರ ಮಧ್ಯಮಾರ್ಗಕ್ಕೆ ಮಂಡಳಿಯ ಮನ್ನಣೆ'.

ಬೆಳಗಿನಿಂದ ಮನೆಗೆ ಜನ. "ಮೇಷ್ಟ್ರೇ, ಎಂಥಾ ತಲೆ ನಿಮ್ದು!" ನಿಮ್ಮಪ್ಪ ಮೊದಲನೆಯವರಿಗೆ "ಅಯ್ಯೋ, ನಂದೇನಿಲ್ಲ" ಅಂದರು. ಎರಡನೆಯವರಿಗೆ "ನಂದೇನು ಬಿಡಿ" ಅಂದರು. ಮಧ್ಯಾಹ್ನದ ಹೊತ್ತಿಗೆ "ನಾವು ಯೋಚನೆ ಮಾಡಿದ್ದೇನಂದ್ರೆ" ಅಂತ ಶುರು ಮಾಡಿದ್ದರು. ಕಲಸುಮೇಲೋಗರ ಆವತ್ತು ಮಧ್ಯಮಾರ್ಗವಾಯಿತು. ಚಹಾ ಸೋಸುತ್ತಿದ್ದ ನಾನು ಜನ ಹೋಗುವುದನ್ನೇ ಕಾದು ಹೇಳಿದೆ:

"ರೀ, ಅದು ನಂದು."

"ಏನು?"

"ಆ ಸಲಹೆ. ನಂದು. ನೀವು ಬೇಡ ಅಂದಿದ್ರಿ."

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಂದು ನಿಂದು ಅಂತ ಬೇರೆ ಬೇರೆ ಇದೆಯೇನೇ ಈ ಮನೇಲಿ?" ಅಂದರು. ಪ್ರೀತಿಯಿಂದಲೇ ಅಂದರು ಕಣೇ. ಅದಕ್ಕೇ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಪೇಪರಿನ ಆಫೀಸಿಗೂ ಹೋದೆ. ಅಲ್ಲಿದ್ದ ಉಪಸಂಪಾದಕ ಮರ್ಯಾದೆಯಿಂದ ಕೂರಿಸಿ ಎಲ್ಲ ಕೇಳಿಸಿಕೊಂಡ. "ತಿದ್ದುಪಡಿ ಹಾಕೋಣ ಮೇಡಂ, ಅದಕ್ಕೇನಂತೆ. ಮೇಷ್ಟ್ರು ಒಂದು ಫೋನ್ ಮಾಡಿ ಹೌದು ಅಂದ್ಬಿಟ್ರೆ ಸಾಕು" ಅಂದ. ನಾನು ಎದ್ದು ಬಂದೆ.

ಈಗ ಮಂಡಳಿಯಿಂದ ಒಬ್ಬರು ರಾಜಧಾನಿಗೆ ಹೋಗಿ ಸಂಸತ್ತಿನ ಸಮಿತಿಯ ಮುಂದೆ ಸಲಹೆಯನ್ನು ವಿವರಿಸಬೇಕು. ಬೆಟ್ಟದ ನರ್ಸ್ ನನ್ನ ಹೆಸರು ಹೇಳಿದಳು, ಉಳಿದವರು ಒಪ್ಪಿದರು. ನಿಮ್ಮಪ್ಪ ಎರಡು ದಿನ ಕೂತು ನನಗೊಂದು ಭಾಷಣ ಬರೆದರು. ಓದಿದೆ. ಚೆನ್ನಾಗಿತ್ತು. ಒಂದು ಸಾಲೂ ನನ್ನದಾಗಿರಲಿಲ್ಲ. "ಇದು ಬೇಡ" ಅಂತ ವಾಪಸು ಕೊಟ್ಟೆ. "ಸರಿ, ಜೊತೆಗಾದ್ರೂ ಬರ್ಲಾ?" ಅಂದರು. ಅದಕ್ಕೂ "ಬೇಡ" ಅಂದೆ. ಮದುವೆಯಾದಾಗಿನಿಂದ ಒಂದೇ ಉಸಿರಿಗೆ ಎರಡು ಸಲ ಬೇಡ ಅಂದದ್ದು ಇದೇ ಮೊದಲಿರಬೇಕು. ಅವರು ತಬ್ಬಿಬ್ಬಾದರು. ಮೂರು ದಿನದಿಂದ ಮಾತು ಕಡಿಮೆ. ನಿನ್ನೆ ಚಿಕ್ಕಪ್ಪ ಬಂದು "ಅಣ್ಣಾ, ಒಬ್ಬ ಮನುಷ್ಯ ಒಂದು ಓಟು ಅಂತಿದ್ದೆ, ಈಗ ಮನೇಲಿ ಜಾರಿಗೆ ಬಂತಾ?" ಅಂತ ಕೆಣಕಿದರು. ನಿಮ್ಮಪ್ಪ ನಗಲಿಲ್ಲ. ಆದರೆ ಇವತ್ತು ಬೆಳಿಗ್ಗೆ ತಿಂಡಿ ತಿನ್ನುತ್ತಾ, ಪೇಪರಿನಿಂದ ಕಣ್ಣೆತ್ತದೆ, "ಆ ನಾಲ್ಕನೇ ಒಂದು ಪಾಲು... ಯಾಕೆ ಅಷ್ಟೇ ಇಟ್ಟೆ?" ಅಂದರು. ನಾನು ಹೇಳಿದೆ. ನಡುವೆ ಎರಡೇ ಸಲ ಬಾಯಿ ಹಾಕಿದರು. ಅವರ ಮಟ್ಟಿಗೆ ಅದು ಮೌನವೇ.

ಬುಧವಾರ ಬೆಳಗಿನ ಬಸ್ಸಿಗೆ ನಾನೊಬ್ಬಳೇ ಹೊರಡುತ್ತೇನೆ. ಹಾರ್ನ್ ಕಾಡಿ ಬೇಡಿ ಅದೇ ಬಸ್ಸಿಗೆ ಡ್ಯೂಟಿ ಹಾಕಿಸಿಕೊಂಡಿದ್ದಾನೆ. ದಾರಿಯುದ್ದಕ್ಕೂ ಅವನ ಸಂವಿಧಾನ ಕೇಳಬೇಕು. ಸಮಿತಿಯವರು ನಮ್ಮ ಸಲಹೆಯನ್ನು ಒಪ್ಪುತ್ತಾರೋ, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೋ, ಗೊತ್ತಿಲ್ಲ.

ನಿನಗೆ ಒಳ್ಳೆಯದಾಗಲಿ, ಮಗಳೇ. ಎತ್ತರದಲ್ಲಿ ಕೆಲಸ ಮಾಡುವವಳು, ಕಾಲು ಗಟ್ಟಿಯಾಗಿರಲಿ, ಕೆಮ್ಮು ದೂರವಾಗಲಿ, ನಿನ್ನ ಮಾತು ನಿನ್ನ ಹೆಸರಲ್ಲೇ ಉಳಿಯಲಿ.

ನಿನ್ನ,
ಅಮ್ಮ

ತಾಜಾಕಲಂ: ಪತ್ರ ತಡವಾದದ್ದಕ್ಕೆ ಕಾರಣ ಹೇಳಲೇ ಇಲ್ಲ. ಪೇಪರಿನಲ್ಲಿ ಬಂದ ದಿನ ರಾತ್ರಿ ನೀನು ಫೋನ್ ಮಾಡಿದೆ. ನಿಮ್ಮಪ್ಪ ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ್ದರು. "ಅಪ್ಪಾ, ಸೂಪರ್! ಅಮ್ಮನ ಬಾಯಲ್ಲಿ ಎಷ್ಟು ಚೆನ್ನಾಗಿ ಹೇಳಿಸಿದ್ದೀರಿ!" ಅಂದೆ ನೀನು. ನಾನು ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. ಜಡ್ಜ್ ಸಾಹೇಬರು ಅಂದದ್ದಕ್ಕೆ, ಪೇಪರಿನವರು ಬರೆದದ್ದಕ್ಕೆ, ನಿಮ್ಮಪ್ಪ ಸುಮ್ಮನೆ ಒಪ್ಪಿಕೊಂಡದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ನೀನು ಅಂದದ್ದಕ್ಕೆ ಸಿಟ್ಟೂ ಬರಲಿಲ್ಲ. ಆಮೇಲೆ ನೀನು "ಅಮ್ಮ ಎಲ್ಲಿ?" ಅಂತ ಕೇಳಿದೆ, ನಾನು ಕೈ ಅಡ್ಡ ಆಡಿಸಿ, ಮಲಗಿದ್ದಾಳೆ ಅಂತ ನಿಮ್ಮಪ್ಪನಿಂದ ಹೇಳಿಸಿದೆ.