ಮೂರು, ಮೂರು, ಎರಡು

ಹೊಸಮನೆ, ಶಿವಮೊಗ್ಗ
ಫೆಬ್ರವರಿ ೨೦೦೪

ಸ್ವರ್ಗದ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿರುವ ಹಾಲಪ್ಪ ಮೇಷ್ಟ್ರೇ, ನಿಮ್ಮ ನಾಟಕದ ಭೀಮಸೇನನಾದ ನಾನು ಇಂದು ಕಂಪ್ಯೂಟರಿನ ಮುಂದೆ ಸೋತೆ!

ಇಂಜಿನಿಯರ್ ಪ್ರಿಯಂವದಾ ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಮಾಡುತ್ತಿದ್ದಾಳೆ. ನಿಮ್ಮ ಹದಿನೇಳು ರಂಗಗೀತೆಗಳನ್ನು ಅದಕ್ಕೆ ಏರಿಸುತ್ತಿದ್ದೇವೆ. ಸ್ವರಗಳನ್ನು ಜೋಡಿಸುವ ಅಡ್ಡಗೆರೆಯನ್ನು ಎಲ್ಲೆಲ್ಲಿ ಒಡೆಯಬೇಕೆಂದು ಸೆಟ್ಟಿಂಗ್‌ನಲ್ಲಿ ಹೇಳಬೇಕು; ಒಡೆದಲ್ಲೆಲ್ಲ ತಾಳದ ಪೆಟ್ಟು ಬೀಳುತ್ತದೆ. ಎಂಟು ಸ್ವರ ಇದ್ದರೆ ನಾಲ್ಕು-ನಾಲ್ಕು ಎಂದು ನಾನೇ ಗರ್ಜಿಸಿದೆ. ದ್ರೌಪದಿಯ ಹಾಡನ್ನು ಕಂಪ್ಯೂಟರಿನಲ್ಲಿ ಹಾಗೆಯೇ ನುಡಿಸಿದ ಪ್ರಿಯಂವದಾ ನಕ್ಕಳು: "ಏನ್ ಸಾರ್, ದ್ರೌಪದಿ ಅಳ್ತಿದ್ದಾಳೋ, ಪರೇಡ್ ಮಾಡ್ತಿದ್ದಾಳೋ?"

ಮೂರು, ಮೂರು, ಎರಡು ಎಂದು ಬದಲಿಸಿದೆವು. ಮೇಷ್ಟ್ರೇ, ದ್ರೌಪದಿ ಅತ್ತಳು! ಭದ್ರಾವತಿಯ ತಾಲೀಮಿನಲ್ಲಿ ನೀವು ಕಾಲಿನಿಂದ ಹಲಗೆ ಕುಟ್ಟಿ ತೋರಿಸಿದ ಲೆಕ್ಕವೇ ಅದು. "ಮುದುಕರಿಗೆ ತಾಳ ತಪ್ತಿದೆ ಕಣ್ರೋ" ಎಂದು ಎಲ್ಲರೆದುರು ಕೂಗಿದವನು ನಾನು. ನೀವು ಪೆಟ್ಟಿಗೆ ಮುಚ್ಚಿ ಎದ್ದುಹೋದಿರಿ.

"ಉಳಿದ ಹದಿನಾರನ್ನ ಹೇಗೆ ಒಡೀಲಿ, ಹೇಳಿ ಸಾರ್" ಎನ್ನುತ್ತಾಳೆ ಪ್ರಿಯಂವದಾ. ಆ ಹಾಡುಗಳಿಗೆ ನಿಮ್ಮ ಕಾಲು ಹೇಗೆ ಬೀಳುತ್ತಿತ್ತು? ನಾನು ನೋಡಿದವನೇ ಅಲ್ಲ. ನನ್ನ ಗದೆಯನ್ನೇ ನೋಡಿಕೊಳ್ಳುತ್ತಿದ್ದೆ. ಒಡೆಯುವ ಲೆಕ್ಕ ತುಂಬಬೇಕಾದ ಹದಿನಾರು ಚೌಕಗಳು ಪರದೆಯ ಮೇಲೆ ಖಾಲಿಯಾಗಿವೆ.

ಕುಟ್ಟಿ, ಮೇಷ್ಟ್ರೇ. ಎಲ್ಲಿದ್ದೀರೋ ಅಲ್ಲಿಂದಲೇ ಒಂದು ಸಲ ಕುಟ್ಟಿ. ಈ ಸಲ ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ನಿಮ್ಮ ಭೂತಪ್ಪ