ಅಕ್ಕ ಹೇಳಿದ ಮದುವೆ

ಸಿಂಧನೂರು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀ? ಹೆರಿಗೆಯಾದಾಗಿನಿಂದ ಕಾಡುತ್ತಿದ್ದ ನಿನ್ನ ಸೊಂಟನೋವು ಕಡಿಮೆಯಾಯಿತೇ? ಮಗುವಿಗೆ ಪುಣೆಯ ಮಳೆ ಒಗ್ಗಿತೇ? ಅವ್ವ ಸಾಲಗುಂದದಲ್ಲಿ ಆರಾಮಾಗಿದ್ದಾಳೆ. ಕಾಲುವೆಗೆ ನೀರು ಬಂದಿರುವುದರಿಂದ ಇಡೀ ದಿನ ಗದ್ದೆಯಲ್ಲೇ ಇರುತ್ತಾಳೆ. ನಾನು ಎಂದಿನಂತೆ ಬೆಳಗಿನ ಬಸ್ಸಿಗೆ ಬಂದು, ಗೊಬ್ಬರದಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಫೋನಿನಲ್ಲಾದರೆ ನಡುವೆಯೇ ಕಟ್ ಮಾಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದೇ ಕಂಪನಿಯಲ್ಲಿರುವುದರಿಂದ ಪುಣೆ ಆಫೀಸಿನಲ್ಲಿ ನಿನಗೂ ತಿಳಿದಿರಬೇಕು, ನಮ್ಮ ಟೀಮಿನ ಲೀಡ್ ಜಾಗ ಲಿಂಗಸುಗೂರಿನ ಕನಕರಾಜನಿಗೆ ಸಿಕ್ಕಿತು. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರನ್ನು ಅವನಿಗೆ ಕಲಿಸಿದವಳು ನಾನು. ಸುದ್ದಿ ಬಂದ ದಿನ ಪಾಪ ಅವನೇ ಫೋನ್ ಮಾಡಿ, "ಅಕ್ಕಾರ, ನಾ ಕೇಳಿದ್ದಿಲ್ರೀ. ನಿಮಗ ಬರ್ತದ ಅಂತ ತಿಳಕೊಂಡಿದ್ದೆ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎರಡು ವರ್ಷದಿಂದ ಆ ಕೆಲಸ ನಾನೇ ಮಾಡುತ್ತಿದ್ದೆ. ಸಂಬಳ ಮಾತ್ರ ಸೇರಿದಾಗಿನ ದರ್ಜೆಯದೇ. ಹಾಗಾಗಿ ಧೈರ್ಯ ಮಾಡಿ, ನನ್ನಲ್ಲಿ ಏನು ಕೊರತೆ ಕಂಡಿತೆಂದು ಮ್ಯಾನೇಜರ್ ಮೇಡಂ ಅವರನ್ನೇ ಕೇಳಿದೆ.

ಅವರು ನಕ್ಕರು ಅಕ್ಕಾ. ಕೊರತೆ ಏನೂ ಇಲ್ಲ, ಪಟ್ಟಿಯಲ್ಲಿ ನಿನ್ನ ಹೆಸರೇ ಮೊದಲಿತ್ತು, ಆದರೆ ದೀಪಾವಳಿ ಆದ ಮೇಲೆ ನಿನ್ನ ಮದುವೆ, ಆಮೇಲೆ ಕೆಲಸ ಬಿಡುತ್ತೀ ಅಂತ ನಿನ್ನ ಅಕ್ಕನೇ ಹೇಳಿದಳಲ್ಲ ಅಂದರು. ಮೇಲೆ ಶುಭಾಶಯ ಬೇರೆ! ಗಂಡು ಕೂಡ ನೋಡಿಲ್ಲ, ಯಾವ ಮದುವೆ? ಆದರೂ ನಿನ್ನನ್ನು ಸುಳ್ಳುಗಾರ್ತಿ ಅನ್ನಲು ಬಾಯಿ ಬರಲಿಲ್ಲ. ಹೂಂ ಅಂದುಬಿಟ್ಟೆ.

ಏನೋ ತಪ್ಪು ತಿಳಿವಳಿಕೆ ಇರಬೇಕು, ನೀನು ಬೇರೆ ಯಾರದೋ ಮಾತು ಆಡಿರಬೇಕು ಎಂದುಕೊಂಡೇ ಆ ಸಂಜೆ ನಿನಗೆ ಫೋನ್ ಮಾಡಿದ್ದು. ನೀನು ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದೆ. ನೀನು ಅಂದದ್ದೇನು? "ನಾ ಹತ್ತು ವರ್ಷ ಸವೆದು ಲೀಡ್ ಆಗೀನಿ. ಕೂಸು ಹುಟ್ಟಿದ ಮ್ಯಾಲೆ ನನ್ನ ಅಲ್ಲೇ ನಿಲ್ಲಿಸ್ಯಾರ. ನೀ ಊರಾಗ ಕುಂತು ಐದು ವರ್ಷಕ್ಕ ನನ್ನ ಸಮ ಬರ್ತಿ ಅಂದ್ರ, ನಾ ಹೆಂಗ ಮುಖ ತೋರಿಸ್ಲಿ? ಊರಾಗ ಇರಾಕಿಗೆ ಅಷ್ಟು ಪಗಾರ ಯಾಕ ಬೇಕಬೇ?"

ನಿನ್ನನ್ನು ನಿಲ್ಲಿಸಿದವರು ಕಂಪನಿಯವರು. ಅವರೊಂದಿಗೆ ಜಗಳಕ್ಕೆ ನಿಂತಿದ್ದರೆ ನಿನ್ನ ಬೆನ್ನಿಗೆ ನಾನೂ ನಿಲ್ಲುತ್ತಿದ್ದೆ. ನೀನು ನನ್ನ ಕಾಲು ಹಿಡಿದು ಎಳೆದೆ. ಹೊರಗಿನವರು ಮಾಡಿದ್ದರೆ ಎರಡು ದಿನ ಬೈದು ಸುಮ್ಮನಾಗುತ್ತಿದ್ದೆ. ಈಗ ಊಟಕ್ಕೆ ಕೂತಾಗ ಅವ್ವ ನಿನ್ನ ಹೆಸರು ಹೇಳಿದರೂ ತಟ್ಟೆ ತೊಳೆಯುವ ನೆಪ ಮಾಡಿ ಎದ್ದುಬಿಡುತ್ತೇನೆ. ಅವಳಿಗೆ ಏನೂ ಹೇಳಿಲ್ಲ.

ಭಾವನಿಗೆ ನಮಸ್ಕಾರ. ಕೂಸಿಗೆ ನನ್ನದೊಂದು ಮುತ್ತು. ಅದಕ್ಕೂ ನಮ್ಮ ಜಗಳಕ್ಕೂ ಏನು ಸಂಬಂಧ?

ನಿನ್ನ ತಂಗಿ,
ಅಮರೇಶ್ವರಿ

ತಾ.ಕ.: ನಿನ್ನೆ ರಾಜೀನಾಮೆ ಕೊಟ್ಟೆ. ಹೈದರಾಬಾದಿನ ಒಂದು ಕಂಪನಿ ನನ್ನನ್ನು ಲೀಡ್ ಆಗಿಯೇ ತೆಗೆದುಕೊಂಡಿದೆ, ಕೆಲಸ ಈ ಕೋಣೆಯಿಂದಲೇ. ಮೇಡಂ ಕಾರಣ ಕೇಳಿದಾಗ ಮದುವೆ ಅಂದೆ. ನೀನು ಅಲ್ಲಿ ಇನ್ನೂ ದುಡಿಯಬೇಕಲ್ಲ. ತಂಗಿಯ ಮದುವೆಯೆಂದು ಅವರು ನಿನಗೆ ರಜೆ ಕೊಟ್ಟೇ ಕೊಡುತ್ತಾರೆ. ತೆಗೆದುಕೋ. ಆದರೆ ಸದ್ಯ ಊರಿಗೆ ಬರಬೇಡ. ರಜೆ ಸಿಗಲಿಲ್ಲ ಅಂತ ಅವ್ವನಿಗೆ ನೀನೇ ಹೇಳು.